ಹಸಿರು ತಂತಿಗೆ ಒಂದು ಕೊಡಪಾನ ನೀರು

ಆಗೆಲ್ಲ ಡೊಂಬಿವಲಿಯಲ್ಲಿ ನೀರು ಬೆಳಗ್ಗೆ ಆರೂವರೆಗೆ ಬಂದು ಏಳೂಕಾಲಿಗೆ ಹೋಗಿಬಿಡುತ್ತಿತ್ತು. ಆ ಮುಕ್ಕಾಲು ಗಂಟೆಯಲ್ಲಿ ಇಡೀ ಬಿಲ್ಡಿಂಗು ಎದ್ದು ನಿಂತು ಕೊಡಪಾನ, ಬಕೆಟ್ಟು, ಡ್ರಮ್ಮು, ಕೊನೆಗೆ ಒಗ್ಗರಣೆ ಸೌಟೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ನೀರು ತುಂಬಿಸುತ್ತಿತ್ತು. ಆ ಕಡೆ ಬೆಳೆದವರಿಗೆ ನೆನಪಿರಬಹುದು. ನಲ್ಲಿ ಮೊದಲು ನಾಲ್ಕು ಸಲ ಕೆಮ್ಮುತ್ತಿತ್ತು, ಆಮೇಲೆ ತುಕ್ಕಿನ ನೀರು, ಆಮೇಲೆ ಒಳ್ಳೆಯ ನೀರು. ಮೇ ತಿಂಗಳು ಬಂತೆಂದರೆ ಶುಕ್ರವಾರ ಅದೂ ಇಲ್ಲ. ನಾನು ಹೇಳಹೊರಟಿರುವುದು ಅಂಥ ಒಂದು ಮೇ ತಿಂಗಳಿನದು. ನನಗಾಗ ಹತ್ತು ವರ್ಷ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿದವಳಲ್ಲ. ಒಬ್ಬರಿಗೆ ಹೇಳಲು ಹೋಗಿದ್ದೆ, ಅವರು ಹೇಳಗೊಡಲಿಲ್ಲ.

ನಮ್ಮಪ್ಪ ವೈರ್‌ಮನ್. ಉಡುಪಿ ಕಡೆಯಿಂದ ಇಲ್ಲಿಗೆ ಬಂದವರೆಲ್ಲ ಹೋಟೆಲಿನವರೇ ಎಂದು ಜನ ತಿಳಿದಿರುತ್ತಾರೆ. ಸರಿ ಮಾರಾಯ್ರೆ, ಆ ಹೋಟೆಲುಗಳಲ್ಲಿ ದೀಪ ಉರಿಸಿದವರು ಯಾರು ಅಂತ ಒಬ್ಬರಾದರೂ ಕೇಳಿದ್ದುಂಟೇ? ಕಲ್ಯಾಣ ಸ್ಟೇಷನ್ನಿನ ಹೊರಗಿನಿಂದ ಹಿಡಿದು ಠಾಣೆಯ ನೌಪಾಡಾದವರೆಗೆ ಎಷ್ಟೋ ಅಡುಗೆಮನೆಗಳ ಗೋಡೆಯೊಳಗೆ ಅಪ್ಪ ಎಳೆದ ತಂತಿ ಇತ್ತು. ಬೇರೆಯವರ ಅಪ್ಪಂದಿರು ಅಂಗಿಯ ಕಿಸೆಯಲ್ಲಿ ಪೆನ್ನು ಇಟ್ಟುಕೊಂಡರೆ ನಮ್ಮಪ್ಪನ ಕಿಸೆಯಲ್ಲಿ ಟೆಸ್ಟರ್ ಇರುತ್ತಿತ್ತು. "ವಾಸಣ್ಣ ಮಾಡಿದ ವೈರಿಂಗಾ? ಹಾಗಾದ್ರೆ ಕಣ್ಣು ಮುಚ್ಚಿ ಸ್ವಿಚ್ ಹಾಕ್ಬಹುದು" ಎಂದು ಜನ ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಕೇಳಿ ಪೂರಿಯ ಹಾಗೆ ಊದಿಕೊಂಡಿದ್ದೇನೆ.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ಅಕ್ಕ ಪದ್ಮತ್ತೆ. ನೆಲಮಾಳಿಗೆಯಲ್ಲ, ನೆಲಮಟ್ಟದ ಮನೆ. ಎರಡು ಕೋಣೆ, ಹಿಂದೆ ಪಾತ್ರೆ ತೊಳೆಯುವ ಮೋರಿ, ಮೋರಿಯ ಪಕ್ಕ ಪದ್ಮತ್ತೆಯ ಗ್ರೈಂಡರ್. ಅದು ಮನೆಗೆಲ್ಲ ದೊಡ್ಡ ಸಾಮಾನು. ಉಕ್ಕಿನ ಮೈ, ಒಳಗೆ ಕಪ್ಪು ಕಲ್ಲು, ತಿರುಗತೊಡಗಿದರೆ ಮೇಲಿನ ಮನೆಯ ಕನ್ನಡಿ ಅಲುಗುತ್ತಿತ್ತು. ಸುತ್ತಲಿನ ನಮ್ಮ ಕಡೆಯವರ ಮನೆಗಳಿಗೆ, ಒಂದು ಸಣ್ಣ ಹೋಟೆಲಿಗೆ ಪದ್ಮತ್ತೆಯೇ ಇಡ್ಲಿ ದೋಸೆಯ ಹಿಟ್ಟು ಅರೆದು ಕೊಡುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ. ಆ ಮಾತು ಎತ್ತಿದವರಿಗೆ, "ನನಗೆ ಗ್ರೈಂಡರ್ ಉಂಟಲ್ಲ ಮಾರಾಯ್ತಿ, ಗಂಡಂದಿರಿಗಿಂತ ಕಡಿಮೆ ಸದ್ದು ಮಾಡ್ತದೆ, ಸ್ವಿಚ್ ಒತ್ತಿದ್ರೆ ಸುಮ್ಮನಾಗ್ತದೆ" ಎಂದುಬಿಡುತ್ತಿದ್ದಳು. ಕೇಳಿದವರು ನಗುತ್ತ ಹಿಟ್ಟಿನ ಡಬ್ಬಿ ಹಿಡಿದು ಹೋಗುತ್ತಿದ್ದರು.

ಹಿಟ್ಟು ಅರೆದಾದ ಮೇಲೆ ಕಲ್ಲಿಗೆ ಅಂಟಿದ್ದನ್ನು ಒಂದು ಚೆಂಬು ನೀರು ಹಾಕಿ ತೊಳೆದು, ಆ ತೆಳ್ಳಗಿನ ನೀರುಹಿಟ್ಟಿನಲ್ಲಿ ಪದ್ಮತ್ತೆ ನನಗೊಂದು ದೋಸೆ ಹೊಯ್ಯುತ್ತಿದ್ದಳು. ಕಲ್ಲು ತೊಳೆದ ದೋಸೆ ಎಂದು ಅದಕ್ಕೆ ಹೆಸರು. ಅಂಚು ಗರಿಗರಿ, ನಡುವೆ ಮೆದು, ಮೆಂತೆಯ ಘಮ, ಮೇಲೆ ಬೆಲ್ಲ ಹೆರೆದು ಹಾಕಿದರೆ ಬೇರೆ ಚಟ್ನಿ ಬೇಡ. ಹೋಟೆಲಿನವರಿಗೂ ಸಿಗದ ದೋಸೆ ಅದು. ಇಡೀ ಡೊಂಬಿವಲಿಯಲ್ಲಿ ಅದನ್ನು ತಿನ್ನುವವಳು ನಾನೊಬ್ಬಳೇ ಎಂದು ಅವಳು ಹೇಳುತ್ತಿದ್ದಳು, ನಾನು ನಂಬಿದ್ದೆ.

ಅತ್ತೆಗೂ ಅಪ್ಪನಿಗೂ ಒಂದೇ ವಿಷಯಕ್ಕೆ ಜಗಳ. ಅತ್ತೆ ಹಿಟ್ಟಿನ ಹತ್ತಿರ ಬರಿಗಾಲಿನಲ್ಲೇ ನಿಲ್ಲುತ್ತಿದ್ದಳು. ಬೆಳಗ್ಗೆ ಮಿಂದು, ಒದ್ದೆ ಸೀರೆಯಲ್ಲಿ, ಒದ್ದೆ ನೆಲದ ಮೇಲೆ.

"ಅಕ್ಕ, ನಿನ್ನ ಕಾಲು ಹಿಡೀತೇನೆ, ಒಂದು ರಬ್ಬರ್ ಚಪ್ಪಲಿ ಹಾಕಿಕೊ. ಕರೆಂಟಿನ ಮಿಷಿನು ಅದು."

"ಇದೇ ಹಿಟ್ಟಿನದ್ದು ದೇವರಿಗೆ ನೈವೇದ್ಯ ಆಗ್ತದೆ ವಾಸು. ಚಪ್ಪಲಿ ಹಾಕ್ಕೊಂಡು ಅರೆಯುದಾ? ಎಂತ ಮಾತಾಡ್ತಿ ನೀನು!"

"ದೇವರು ಏನೂ ಹೇಳುದಿಲ್ಲ."

"ನಿನ್ನ ಹತ್ರ ಹೇಳಿದ್ನಾ ಬಂದು?"

ಅಪ್ಪ ಸೋತ. ಸೋತದ್ದಕ್ಕೇ ಗುಂಡಿ ತೋಡಿದ. ಬಿಲ್ಡಿಂಗಿನ ಹಿಂದೆ ಒಂದು ಬಾದಾಮಿ ಮರ ಇತ್ತು. ಕೆಂಪು ಎಲೆ ಉದುರಿಸುತ್ತದಲ್ಲ, ಆ ಜಾತಿ. ಅದರ ಬುಡದಲ್ಲಿ ಆಳುದ್ದ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಮೇಲೊಂದು ಸಿಮೆಂಟಿನ ಮುಚ್ಚಳ. ಆ ಪೈಪಿನಿಂದ ಒಂದು ಹಸಿರು ತಂತಿ ಗೋಡೆ ಹಿಡಿದು ಬಂದು ಪದ್ಮತ್ತೆಯ ಗ್ರೈಂಡರಿನ ಮೈಗೆ ಸೇರಿತು. ಆ ಭಾನುವಾರವೆಲ್ಲ ನಾನು ಅಪ್ಪನ ಬೆನ್ನಿಗೆ ಅಂಟಿಕೊಂಡಿದ್ದೆ, ಕೈಯೆಲ್ಲ ಇದ್ದಿಲು ಮಾಡಿಕೊಂಡು, ಉಪ್ಪಿನ ಹರಳು ಬಾಯಿಗೆ ಹಾಕಿಕೊಂಡು.

"ಇದೆಂತಕ್ಕೆ ಅಪ್ಪ?"

ಅಪ್ಪ ಮೂರು ಬಣ್ಣದ ತಂತಿಯ ತುಂಡುಗಳನ್ನು ನನ್ನ ಅಂಗೈಯಲ್ಲಿಟ್ಟ. "ನೋಡು ಸುಗುಣ, ಇದು ಕೆಂಪು, ಫೇಸ್. ಹೋಟೆಲಿನಲ್ಲಿ ಸಪ್ಲಾಯರ್ ಒಳಗಿಂದ ತುಂಬಿದ ಪ್ಲೇಟು ತರ್ತಾನಲ್ಲ, ಹಾಗೆ ಕರೆಂಟನ್ನು ಮಿಷಿನಿಗೆ ತರುದು ಇವ. ಇದು ಕಪ್ಪು, ನ್ಯೂಟ್ರಲ್. ಕೆಲಸ ಮುಗಿದ ಕರೆಂಟು ಇವನ ಕೈಯಲ್ಲಿ ವಾಪಸ್. ಖಾಲಿ ಪ್ಲೇಟು ಎತ್ತುವವ."

"ಹಸಿರು?"

"ಅರ್ತಿಂಗು. ಇವನಿಗೆ ದಿನಾ ಎಂತ ಕೆಲಸವೂ ಇಲ್ಲ. ಸುಮ್ಮನೆ ನಿಂತಿರ್ತಾನೆ. ಆದ್ರೆ ಒಂದು ದಿನ ಕೆಂಪು ತಂತಿಯ ಮೈ ಸವೆದು ಮಿಷಿನಿನ ಉಕ್ಕಿಗೆ ತಾಗ್ತದೆ ಅಂತ ಇಟ್ಟುಕೊ. ಆಗ ಮುಟ್ಟಿದವರ ಮೈಯಲ್ಲಿ ಕರೆಂಟು ಇಳೀಬೇಕು. ಅದಕ್ಕೆ ಮೊದಲೇ ಇವ ಅಷ್ಟನ್ನೂ ಎಳ್ಕೊಂಡು ಮಣ್ಣಿಗೆ ಬಿಡ್ತಾನೆ. ಒಮ್ಮೆಗೇ ಅಷ್ಟು ಹರಿದ್ರೆ ಫ್ಯೂಸ್ ಸುಟ್ಟು ಹೋಗ್ತದೆ, ಮಿಷಿನು ಬಂದ್. ನಿನ್ನ ಅತ್ತೆ ಸೇಫ್."

"ಮತ್ತೆ ಉಪ್ಪು ಯಾಕೆ?"

"ಮಣ್ಣು ಒಣಗಿದ್ರೆ ಕರೆಂಟನ್ನು ತಗೊಳ್ಳುದಿಲ್ಲ ಮಗಾ. ಪಸೆ ಬೇಕು. ಉಪ್ಪು, ಇದ್ದಿಲು ಪಸೆ ಹಿಡಿದಿಡ್ತದೆ. ಬೇಸಗೆಯಲ್ಲಿ ಅದಕ್ಕೂ ಸಾಕಾಗುದಿಲ್ಲ, ನೀರು ಹಾಕ್ಬೇಕು. ವಾರಕ್ಕೆ ಎರಡು ಸಲ, ಒಂದೊಂದು ಕೊಡಪಾನ."

"ನಾನು ಹಾಕ್ತೇನೆ!"

ಅಪ್ಪ ನನ್ನನ್ನು ಒಮ್ಮೆ ನೋಡಿ, ಕಿಸೆಯಿಂದ ಹಳೆಯ ಟೆಸ್ಟರೊಂದನ್ನು ತೆಗೆದು ನನ್ನ ಫ್ರಾಕಿನ ಕಿಸೆಗೆ ಸಿಕ್ಕಿಸಿದ. "ಹಾಗಾದ್ರೆ ಅದು ನಿನ್ನ ಡ್ಯೂಟಿ. ಬುಧವಾರ, ಶನಿವಾರ. ಮರೀಬಾರ್ದು." ಪದ್ಮತ್ತೆ ಒಳಗಿನಿಂದ, "ಬಂದ್ರಪ್ಪಾ ಅರ್ತಿಂಗ್ ಆಫೀಸರ್ರು! ಇನ್ನು ನನಗೆ ಯಮನ ಹೆದರಿಕೆಯೂ ಇಲ್ಲ" ಎಂದು ಕೂಗಿದಳು. ಅಂದಿನಿಂದ ಅವಳು ನನ್ನನ್ನು ಹಾಗೇ ಕರೆಯುತ್ತಿದ್ದಳು.

ಮಾರ್ಚಿ, ಏಪ್ರಿಲ್ ನಾನು ಒಂದು ದಿನವೂ ತಪ್ಪಿಸಲಿಲ್ಲ. ಸೊಂಟದ ಮೇಲೆ ಕೊಡಪಾನ ಇಟ್ಟುಕೊಂಡು ಹೋಗಿ, ಮುಚ್ಚಳ ಸರಿಸಿ, ಪೈಪಿನ ಬಾಯಿಗೆ ನಿಧಾನ ಸುರಿಯುತ್ತಿದ್ದೆ. ಒಣಗಿದ ಇದ್ದಿಲು ನೀರು ಕುಡಿಯುವಾಗ ಬುಸ್ಸೆಂದು ಒಂದು ಸದ್ದು, ಆಮೇಲೆ ಉಪ್ಪುಮಣ್ಣಿನ ವಾಸನೆ ಮೇಲೆ ಬರುತ್ತಿತ್ತು. ಆ ವಾಸನೆಗೆ ನಾನು ಅರ್ಧ ಗಳಿಗೆ ಅಲ್ಲೇ ಕೂತಿರುತ್ತಿದ್ದೆ.

ಮೇ ತಿಂಗಳ ರಜೆ ಶುರುವಾಯಿತು. ನೀರು ಇನ್ನೂ ಕಡಿಮೆಯಾಯಿತು. ಒಂದು ಬುಧವಾರ ನಾನು ಕೊಡಪಾನ ಬಗ್ಗಿಸಬೇಕು, ಮೊದಲ ಮಾಳಿಗೆಯ ಗ್ಯಾಲರಿಯಿಂದ, ನಾವು ಮಕ್ಕಳೆಲ್ಲ ಕಾಕೂ ಎನ್ನುತ್ತಿದ್ದ ಮರಾಠಿ ಹೆಂಗಸೊಬ್ಬಳು ಚೀರಿದಳು. "ಅಗ ಪೋರೀ, ಪಾಣೀ ಮಾತೀತ್ ಕಶಾಲಾ ಓತತೇಸ್?" ನೀರನ್ನು ಮಣ್ಣಿಗೆ ಯಾಕೆ ಸುರಿಯುತ್ತೀ ಅಂತ. ನಾನು ನನ್ನ ಹರಕು ಮರಾಠಿಯಲ್ಲಿ ಕರೆಂಟು, ಉಪ್ಪು, ಹಸಿರು ತಂತಿ ಎಂದು ಏನೇನೋ ಹೇಳಿದೆ. ಅಲ್ಲಿ ಆಡುತ್ತಿದ್ದ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. "ಯಂಡುಗುಂಡು ಇಡ್ಲಿವಾಲೀ" ಎಂದು ಒಬ್ಬಳು ಹಾಡಿದಳು, ಉಳಿದವರು ಚಪ್ಪಾಳೆ ತಟ್ಟಿದರು. ನಮ್ಮ ಭಾಷೆ ಅವರ ಕಿವಿಗೆ ಹಾಗೆ ಕೇಳುತ್ತದಂತೆ. ಆ ಹೆಸರಿಟ್ಟು ಅಣಕಿಸುತ್ತ ಅವರು ನನ್ನನ್ನು ಒಂದು ವರ್ಷದಿಂದ ಆಟಕ್ಕೆ ಸೇರಿಸಿಕೊಂಡಿರಲಿಲ್ಲ. ಲಗೋರಿಯ ಕಲ್ಲು ಎತ್ತಿಕೊಡಲು ಮಾತ್ರ ನಾನು ಬೇಕಿತ್ತು.

ಆ ಗುಂಪಿನ ನಾಯಕಿ ಮೇಧಾ, ಮೂರನೆಯ ಮಾಳಿಗೆಯವಳು. ಅಲ್ಲಿಯವರೆಗೆ ನೀರು ಏರುತ್ತಲೇ ಇರಲಿಲ್ಲ. ಅವಳಮ್ಮ ದಿನಾ ಕೆಳಗಿಂದ ಹೊತ್ತು ಬೆನ್ನು ಹಿಡಿಸಿಕೊಂಡಿದ್ದಳು. ಮೇಧಾ ನನ್ನ ಹತ್ತಿರ ಬಂದು ಕೊಡಪಾನದೊಳಗೆ ಇಣುಕಿ ನೋಡಿ, "ಮಣ್ಣಿಗೆ ಹಾಕ್ತೀ, ನಮಗೆ ಕೊಡಬಾರದಾ?" ಎಂದು ಹಿಂದಿಯಲ್ಲಿ ಕೇಳಿದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಕೊಡಪಾನ ಎತ್ತಿಕೊಂಡು ಮೂರು ಮಾಳಿಗೆ ಹತ್ತಿದೆ.

ಮೇಧಾಳ ಅಮ್ಮ ನನ್ನ ಕೆನ್ನೆ ಹಿಡಿದು ಗುಣವಂತೆ ಎಂದಳು. ಒಂದು ಸ್ಟೀಲ್ ಲೋಟದಲ್ಲಿ ಪನ್ಹೆ ಕೊಟ್ಟಳು. ಬೇಯಿಸಿದ ಮಾವಿನಕಾಯಿ, ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಕೇಸರಿ. ಅಂಥ ರುಚಿ ನಾನು ಅದುವರೆಗೆ ಕಂಡಿರಲಿಲ್ಲ. ಕೆಳಗಿಳಿದಾಗ ಮೇಧಾ ನನ್ನ ಕೈ ಹಿಡಿದು ಸಾಖಳಿ ಆಟದ ಸರಪಳಿಯಲ್ಲಿ ತನ್ನ ಪಕ್ಕ ನಿಲ್ಲಿಸಿಕೊಂಡಳು. ಆ ಸಂಜೆ ನನ್ನನ್ನು ಯಾರೂ ಇಡ್ಲಿವಾಲೀ ಎನ್ನಲಿಲ್ಲ.

"ನೀರು ಹಾಕಿದ್ಯಾ ಸುಗುಣ?" ಅಪ್ಪ ಕೆಲಸದಿಂದ ಬಂದು ಕೇಳಿದ.

"ಹಾಕಿದೆ."

ಎಷ್ಟು ಸಲೀಸಾಗಿ ಬಂತು ಗೊತ್ತೇ ಆ ಮಾತು! ಶನಿವಾರವೂ ಕೊಡಪಾನ ಮೇಲೆ ಹೋಯಿತು. ಮುಂದಿನ ಬುಧವಾರವೂ. ಒಂದು ತಿಂಗಳು ನಾನು ಆ ಮುಚ್ಚಳ ಸರಿಸಿ ನೋಡಲೂ ಇಲ್ಲ. ಅದರ ಮೇಲೆ ಬಾದಾಮಿ ಎಲೆ ಒಣಗಿ ಕೂತಿತ್ತು. ಹಸಿರು ತಂತಿಗೆ ದಿನಾ ಕೆಲಸವಿಲ್ಲ ಎಂದು ಅಪ್ಪನೇ ಹೇಳಿದ್ದಲ್ಲವೇ, ಮಳೆ ಬಂದರೆ ತಾನಾಗಿಯೇ ಸರಿಹೋಗುತ್ತದೆ ಎಂದುಕೊಂಡೆ. ಹತ್ತು ವರ್ಷದವಳ ತಲೆ, ತನಗೆ ಬೇಕಾದ ಕಡೆಗೆ ಚೆನ್ನಾಗಿಯೇ ಓಡುತ್ತದೆ.

ಮೇ ಮುಗಿಯುತ್ತ ಬಂದ ಒಂದು ಗುರುವಾರ ಮಧ್ಯಾಹ್ನ, ಅತ್ತೆ ಅರೆದು ಮುಗಿಸುವ ಹೊತ್ತಿಗೆ ನಾನು ಕಲ್ಲು ತೊಳೆದ ದೋಸೆಯ ಆಸೆಗೆ ಗ್ರೈಂಡರಿನ ಹತ್ತಿರ ಹೋದೆ. ಅಂಚಿನಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಬಾಚಲು ಕೈಯಿಟ್ಟೆ. ಮೊಣಕೈವರೆಗೆ ಜುಮ್ಮೆಂದಿತು. ಕೈ ಕಿತ್ತುಕೊಂಡೆ. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಆದರೂ ಜುಮ್ಮೆಂದಿತು. ಅತ್ತೆ ಆ ಕಡೆ ತಿರುಗಿದ್ದಾಗ ಕಿಸೆಯಿಂದ ಟೆಸ್ಟರ್ ತೆಗೆದು ಉಕ್ಕಿಗೆ ಹಿಡಿದೆ. ಒಳಗಿನ ಸಣ್ಣ ದೀಪ ಹತ್ತಿತು, ಮಂಕಾಗಿ.

ಉಕ್ಕಿನ ಮೈಗೆ ಕರೆಂಟು ಇಳಿದಿದೆ ಎಂಬ ಅದರ ಅರ್ಥ ನನಗೆ ಗೊತ್ತಿತ್ತು. ಇದರಲ್ಲಿ ನಾನು ನನಗೇ ಸುಳ್ಳು ಹೇಳಿಕೊಳ್ಳಲಾರೆ. ಬೇರೆ ಮಗುವಾಗಿದ್ದರೆ ಗೊತ್ತಿರುತ್ತಿರಲಿಲ್ಲ. ನಾನು ವಾಸಣ್ಣನ ಮಗಳು, ನನಗೆ ಗೊತ್ತಿತ್ತು.

"ಇವತ್ತು ಬೆಳಗ್ಗಿಂದ ಈ ಗ್ರೈಂಡರ್ ಕಚಗುಳಿ ಇಡ್ತದೆ ಮಾರಾಯ್ತಿ," ಎಂದಳು ಅತ್ತೆ, ಸೆರಗಿಗೆ ಕೈ ಒರೆಸುತ್ತ. "ಏ ಅರ್ತಿಂಗ್ ಆಫೀಸರ್, ನೀರು ಹಾಕಿದ್ಯಾ ಸರಿಯಾಗಿ?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಸಂಜೆ ಅಪ್ಪ ಬರುತ್ತಿದ್ದ, ಮುಚ್ಚಳ ತೆಗೆಯುತ್ತಿದ್ದ, ಒಂದು ತಿಂಗಳ ಸುಳ್ಳು ಹೊರಬರುತ್ತಿತ್ತು. ಟೆಸ್ಟರ್ ಕಿತ್ತುಕೊಳ್ಳುತ್ತಿದ್ದ. ಮೇಧಾಳ ಮನೆಗೆ ನೀರು ನಿಲ್ಲುತ್ತಿತ್ತು, ನಾನು ಮತ್ತೆ ಲಗೋರಿಯ ಕಲ್ಲು ಎತ್ತಬೇಕಿತ್ತು.

"ಹಾಕಿದ್ದೇನೆ ಅತ್ತೆ."

"ಹಾಗಾದ್ರೆ ಹೆದರಿಕೆ ಇಲ್ಲ ಬಿಡು," ಎಂದು ಅತ್ತೆ ಕಾವಲಿ ಒಲೆಯ ಮೇಲಿಟ್ಟಳು. ಆ ದಿನ ಎರಡು ದೋಸೆ ಹೊಯ್ದು ಕೊಟ್ಟಳು.

ನಾಳೆಯೇ ಎರಡು ಕೊಡಪಾನ ಹಾಕಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಆಣೆ ಮಾಡಿಕೊಂಡೆ. ನಾಳೆ ಶುಕ್ರವಾರ. ನೀರು ಬರಲಿಲ್ಲ. ಡ್ರಮ್ಮಿನಲ್ಲಿದ್ದ ನೀರನ್ನು ಅಮ್ಮ ಚೆಂಬಿನಲ್ಲಿ ಅಳೆದು ಕೊಡುತ್ತಿದ್ದಳು, ಕದಿಯಲು ದಾರಿಯಿರಲಿಲ್ಲ. ಹಿಟ್ಟು ಅರೆಯಲೂ ನೀರಿಲ್ಲದೆ ಅತ್ತೆ ಆ ದಿನ ಗ್ರೈಂಡರ್ ಮುಟ್ಟಲಿಲ್ಲ. ದೇವರು ಒಂದು ದಿನ ಹೆಚ್ಚಿಗೆ ಕೊಟ್ಟಿದ್ದ ಅಂತ ಈಗ ಅನ್ನಿಸುತ್ತದೆ. ನಾನು ಅದನ್ನು ಕೇರಂ ಆಡಿ ಕಳೆದೆ.

ಶನಿವಾರ ನೀರು ಬಂತು. ಅಪ್ಪ ನೌಪಾಡಾದ ಕೆಲಸಕ್ಕೆ ಏಳು ಗಂಟೆಯ ಲೋಕಲ್ ಹಿಡಿದು ಹೋಗಿದ್ದ. ನಾನು ಕೊಡಪಾನ ತುಂಬಿಸಿ ಸೊಂಟಕ್ಕಿಟ್ಟು ಹಿತ್ತಿಲ ಕಡೆ ಹೊರಟೆ. ನಿಜವಾಗಿಯೂ ಗುಂಡಿಗೇ ಹೊರಟಿದ್ದೆ. ಬಾದಾಮಿ ಮರಕ್ಕೆ ಇಪ್ಪತ್ತು ಹೆಜ್ಜೆ ಇರಬೇಕು, ಮೇಲಿನಿಂದ ಮೇಧಾ ಕೂಗಿದಳು. ನಿನ್ನೆಯಿಂದ ಮನೆಯಲ್ಲಿ ಒಂದು ಹನಿ ನೀರಿಲ್ಲ, ಅಮ್ಮನಿಗೆ ಜ್ವರ, ಬೇಗ ಬಾ. ಇದೊಂದು ಕೊಡ ಮೇಲೆ ಕೊಟ್ಟು ಬಂದು, ಮುಂದಿನದನ್ನು ಗುಂಡಿಗೆ ಹಾಕಿದರಾಯಿತು ಎಂದು ನಾನು ಮೆಟ್ಟಿಲು ಹತ್ತಿದೆ. ಅಲ್ಲಿ ಮೇಧಾಳ ಅಮ್ಮನ ತಲೆಗೆ ಒದ್ದೆ ಬಟ್ಟೆ ಹಾಕಿದೆವು. ನಾನು ತಂದ ನೀರಿನಲ್ಲೇ ಮೇಧಾ ಪನ್ಹೆ ಕಲಸಿದಳು, ಕುಡಿದೆವು. ಕೆಳಗೆ ಗ್ರೈಂಡರ್ ಶುರುವಾದ ಸದ್ದು ನನಗೆ ಅಲ್ಲಿಗೇ ಕೇಳಿತು. ಅದರ ಮೇಲೆ ಪದ್ಮತ್ತೆಯ ಹಾಡೂ ಕೇಳಿತು. ಅವಳು ಗ್ರೈಂಡರಿನ ಜೊತೆ ಗಟ್ಟಿಯಾಗಿ ಭಜನೆ ಹೇಳುತ್ತಿದ್ದಳು, ಸದ್ದಿಗೆ ಸವಾಲು ಹಾಕುವವಳ ಹಾಗೆ. ಲೋಟ ಖಾಲಿ ಮಾಡಿ ಹೋಗುತ್ತೇನೆ ಎಂದುಕೊಂಡೆ.

ಆಮೇಲೆ ಹಾಡು ನಿಂತಿತು. ಗ್ರೈಂಡರ್ ನಿಲ್ಲಲಿಲ್ಲ.

ನಾನು ಇಳಿದು ಬರುವಷ್ಟರಲ್ಲಿ ಅಮ್ಮ ಬಟ್ಟೆ ಒಣಗಿಸುವ ಬಿದಿರು ಕೋಲಿನಿಂದ ಮೇನ್ ಸ್ವಿಚ್ಚನ್ನು ಕೆಡವಿದ್ದಳು. ಪದ್ಮತ್ತೆ ಒದ್ದೆ ನೆಲದ ಮೇಲೆ ಒರಗಿದ್ದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ನೆರೆಮನೆಯವರು ರಿಕ್ಷಾ ತಂದರು, ಅಂದು ನನ್ನ ಮೇಲೆ ಚೀರಿದ್ದ ಕಾಕೂವೇ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು ಹೆಚ್ಚು ಹೊತ್ತು ನೋಡಲಿಲ್ಲವಂತೆ. ನನ್ನ ಬಾಯಲ್ಲಿ ಇನ್ನೂ ಏಲಕ್ಕಿಯ ರುಚಿ ಇತ್ತು.

ಅಪ್ಪ ಮಧ್ಯಾಹ್ನದ ಹೊತ್ತಿಗೆ ನೇರ ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆಗೆ ಮನೆಗೆ ಬಂದ. ಮನೆ ತುಂಬ ಜನ. ಅಪ್ಪ ಗ್ರೈಂಡರಿನ ಕೆಳಗಿನ ತಗಡು ಬಿಚ್ಚಿ ನೋಡಿದ. ಅಲುಗಾಟಕ್ಕೆ ಕೆಂಪು ತಂತಿಯ ಮೈ ಸವೆದು, ಒಳಗಿನ ತಾಮ್ರ ಉಕ್ಕಿಗೆ ತಾಗಿ ಕೂತಿತ್ತು. ಆಮೇಲೆ ಫ್ಯೂಸ್ ತೆಗೆದು ನೋಡಿದ. ಅದು ಸುಟ್ಟಿರಲಿಲ್ಲ. ಅಂದರೆ ಕರೆಂಟು ಮಣ್ಣಿಗೆ ಇಳಿದಿರಲಿಲ್ಲ. ಆಮೇಲೆ ಹಿತ್ತಿಲಿಗೆ ಹೋದ. ನಾನು ಮೋರಿಯ ಕಿಟಕಿಯಿಂದ ನೋಡುತ್ತಿದ್ದೆ.

ಬಾದಾಮಿ ಎಲೆಗಳನ್ನು ಕೈಯಿಂದ ಸರಿಸಿ ಮುಚ್ಚಳ ತೆಗೆದ. ಒಳಗೆ ಕೈ ಹಾಕಿ ಒಂದು ಹಿಡಿ ಮೇಲೆತ್ತಿದ. ಬೂದಿಯ ಹಾಗೆ ಒಣಗಿದ ಮಣ್ಣು ಬೆರಳ ಸಂದಿಯಿಂದ ಉದುರಿತು. ಅಪ್ಪ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ನಾನು ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಈಗ ಬಂದು ಕೊಲ್ಲುತ್ತಾನೆ ಎಂದುಕೊಂಡೆ. ಕೊಲ್ಲಲಿ ಎಂದೂ ಅಂದುಕೊಂಡೆ.

ಅಪ್ಪ ಒಳಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಕೊಡಪಾನ ಅದ್ದಿದ. ಅದು ಅಷ್ಟು ಜನಕ್ಕೆ, ಸತ್ತ ಮನೆಗೆ, ನಮ್ಮಲ್ಲಿ ಉಳಿದಿದ್ದ ನೀರು. ತಡೆಯಲು ಬಂದ ಅಮ್ಮ ಅಪ್ಪನ ಮುಖ ನೋಡಿ ಪಕ್ಕಕ್ಕೆ ಸರಿದಳು. ಒಂದು ಕೊಡಪಾನ ತೆಗೆದುಕೊಂಡು ಹೋಗಿ ಗುಂಡಿಗೆ ಸುರಿದ. ಬಂದು ಇನ್ನೊಂದು. ಮತ್ತೆ ಇನ್ನೊಂದು. ಮುಚ್ಚಳ ಮುಚ್ಚಿ, ಅದರ ಮೇಲೆ ಅಂಗೈ ಒತ್ತಿ, ಎದ್ದು ಬಂದ. ನನ್ನ ಮುಂದೆ ನಿಂತ. ನಾನು ಕಣ್ಣು ಮುಚ್ಚಿದೆ.

"ಬೆಳಗ್ಗಿಂದ ಏನಾದ್ರೂ ತಿಂದ್ಯಾ?" ಎಂದು ಕೇಳಿದ.

ಮರುದಿನ ಬೆಳಗ್ಗೆ ವಿದ್ಯುತ್ತಿನ ಆಫೀಸಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಮೊದಲು ಗುಂಡಿಯ ಮುಚ್ಚಳ ತೆಗೆಸಿ ಕೈ ಹಾಕಿ ನೋಡಿದರು. ಮಣ್ಣು ಒದ್ದೆ. ಚೆನ್ನಾಗಿ ನೀರು ಬೀಳುತ್ತಿದೆ ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ನೀರು ಹಾಕುವವರು ಯಾರು ಎಂದು ಅವರು ಕೇಳಲೇ ಇಲ್ಲ. "ವಾಯರಿಂಗ್ ಕೋಣೀ ಕೇಲೀ?" ಎಂದು ಕೇಳಿದರು.

"ಮೀಚ್ ಕೇಲೀ ಸಾಹೇಬ್," ಎಂದ ಅಪ್ಪ. ನಾನೇ ಮಾಡಿದ್ದು. "ಹಸಿರು ತಂತಿಯ ಜಾಯಿಂಟು ನಾನು ಸರಿಯಾಗಿ ಬಿಗಿದಿರಲಿಲ್ಲ."

ಬಿಗಿದಿದ್ದ. ನಾನು ಪಕ್ಕದಲ್ಲಿ ಕೂತು ನೋಡಿದ್ದೆ, ಎರಡು ಸಲ ಸುತ್ತಿ ಬಿಗಿದಿದ್ದ. ಸಾಹೇಬರು ಬರುವ ಮೊದಲೇ ಅದನ್ನು ತಾನೇ ಸಡಿಲಿಸಿಯೂ ಇಟ್ಟಿದ್ದನೆಂದು ಕಾಣುತ್ತದೆ. ಅವರು ಮುಟ್ಟಿದಾಗ ತಂತಿ ಅಲುಗಿತು.

ವಾಸಣ್ಣನ ಸ್ವಂತ ಅಕ್ಕ ವಾಸಣ್ಣನ ವೈರಿಂಗಿನಿಂದಲೇ ಸತ್ತಳಂತೆ ಎಂಬ ಮಾತು ಡೊಂಬಿವಲಿಯಿಂದ ನೌಪಾಡಾಕ್ಕೆ ಹೋಗಲು ಎಷ್ಟು ದಿನ ಬೇಕು? ಹೋಟೆಲಿನವರು ಕೆಟ್ಟವರಲ್ಲ. ಯಾರೂ ಮುಖಕ್ಕೆ ಹೇಳಲಿಲ್ಲ. ಸುಮ್ಮನೆ ಬೇರೆಯವರನ್ನು ಕರೆದರು. ಊರಿನಿಂದ ಬಂದ ದೊಡ್ಡಪ್ಪ, ಹದಿಮೂರನೆಯ ದಿನದ ಊಟದೆದುರು, "ನಿನ್ನ ಕೈಯಲ್ಲಿ ಹೋಯ್ತಲ್ಲೋ ಅವಳ ಜೀವ" ಎಂದುಬಿಟ್ಟರು. ಅಪ್ಪ ಎಲೆಯ ಮೇಲಿನ ಅನ್ನ ನೋಡುತ್ತ, "ಹೌದು" ಎಂದ. ನಾನು ಆ ಪಂಕ್ತಿಯಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಪಾಯಸ ಬಡಿಸಿದರು, ಉಂಡೆ.

ಅಪ್ಪ ಆಮೇಲೆ ಟೆಸ್ಟರ್ ಹಿಡಿಯಲಿಲ್ಲ. ಪರಿಚಯದವರ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅಕ್ಕಿ, ಬೇಳೆ, ತೆಂಗಿನಕಾಯಿ ಎಣಿಸಿಕೊಂಡು ಇಪ್ಪತ್ತೆರಡು ವರ್ಷ. ಮನೆಯಲ್ಲಿ ಬಲ್ಬು ಹೋದರೆ ಹೊರಗಿನವರನ್ನು ಕರೆಸುತ್ತಿದ್ದ. ಆದರೆ ಬುಧವಾರ, ಶನಿವಾರ ತಾನೇ ಒಂದು ಕೊಡಪಾನ ಹೊತ್ತುಕೊಂಡು ಬಾದಾಮಿ ಮರದ ಹತ್ತಿರ ಹೋಗುತ್ತಿದ್ದ. ಗ್ರೈಂಡರ್ ಮಾರಿಯಾಗಿತ್ತು, ಆ ಗುಂಡಿಗೆ ಕಾಯಲು ಯಾರೂ ಇರಲಿಲ್ಲ. ನಾನು ಕೊಡಪಾನಕ್ಕೆ ಕೈ ಹಾಕಿದರೆ, "ಬೇಡ ಮಗಾ, ನೀನು ಓದಿಕೊ" ಎನ್ನುತ್ತಿದ್ದ.

ನೀವು ನಂಬುತ್ತೀರೋ ಇಲ್ಲವೋ, ನಾನು ಅವನ ಮಾತನ್ನೇ ನಂಬತೊಡಗಿದೆ. ಸಾಹೇಬರೇ ಹೇಳಿದ್ದಾರೆ ಜಾಯಿಂಟು ಸಡಿಲ ಅಂತ, ಅಪ್ಪನೂ ಒಪ್ಪಿದ್ದಾನೆ, ಅಂದಮೇಲೆ ನೀರಿನಿಂದ ಆದದ್ದಲ್ಲ. ಅಪ್ಪ ಆ ಸಂಜೆ ನೀರು ಸುರಿದದ್ದು ಮತ್ತೆ ಯಾರಿಗೂ ಶಾಕ್ ಹೊಡೆಯದಿರಲಿ ಅಂತ ಇರಬೇಕು. ಹೀಗೆ ಹೇಳಿಕೊಂಡು ಕಾಲೇಜು ಮುಗಿಸಿದೆ, ಕೆಲಸಕ್ಕೆ ಸೇರಿದೆ, ಮದುವೆಯಾಗಿ ಐರೋಲಿಗೆ ಬಂದೆ.

ಐರೋಲಿಯ ಫ್ಲ್ಯಾಟಿನ ವೈರಿಂಗ್ ಮಾಡಲು ಕಲಬುರಗಿ ಕಡೆಯವರೊಬ್ಬರು ಬಂದಿದ್ದರು. ಬೋರ್ಡಿಗೆ ಒಂದು ಹೊಸ ಸ್ವಿಚ್ಚು ಕೂರಿಸಿ, "ಇದ ಒಂದ ಇದ್ರ ಸಾಕ್ರಿ ಮೇಡಂ, ಒಂಚೂರು ಕರೆಂಟ ಎಲ್ಲರೆ ಸೋರಿದ್ರ ಟಪ್ಪಂತ ಬೀಳ್ತದ" ಎಂದರು. ನಾನು ಸುಮ್ಮನಿರದೆ, ಮಣ್ಣಿನ ಗುಂಡಿಗೆ ನೀರು ಹಾಕುವ ಪದ್ಧತಿ ಈಗ ಇಲ್ಲವಾ ಎಂದು ಕೇಳಿದೆ. ಅವರು ನಕ್ಕರು. "ಅಯ್ಯ, ಈಗ ಯಾರ ಹಾಕ್ತಾರ್ರಿ? ಮೊದ್ಲ ಏನರೆ ಶಾಕ್ ಕೇಸ್ ಆತಂದ್ರ, ಬಂದಾವ್ರು ಮೊದ್ಲ ಗುಂಡಿಗೆ ಕೈ ಹಾಕಿ ನೋಡ್ತಿದ್ರು. ಒಣಗಿತ್ತಂದ್ರ ಮುಗೀತು. ನೀರ ಹಾಕಬೇಕಾದಾಂವ ಯಾರಂತ ಹುಡುಕ್ತಿದ್ರು. ಜೀವದ ಪಾಪ ಅವನ ತಲಿ ಮ್ಯಾಲೆ."

ಅವರು ಕೆಲಸ ಮುಗಿಸಿ ಹೋದ ಮೇಲೆ ನಾನು ಆ ಬೋರ್ಡಿನ ಕೆಳಗೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇಪ್ಪತ್ತು ವರ್ಷ ತಡವಾಗಿ ಅತ್ತೆ. ಅಪ್ಪ ಮೂರು ಕೊಡಪಾನ ನೀರು ಸುರಿದದ್ದು ಮಣ್ಣಿಗಲ್ಲ. ಹತ್ತು ವರ್ಷದ ಮಗಳ ತಲೆಯ ಮೇಲೆ ಬರಬೇಕಿದ್ದುದನ್ನು ತನ್ನ ತಲೆಗೆ ಎಳೆದುಕೊಂಡಿದ್ದ. ತನ್ನ ಹೆಸರು, ತನ್ನ ಕೈಯ ವಿದ್ಯೆ, ಅಣ್ಣನೆದುರು ತಲೆಯೆತ್ತುವ ಧೈರ್ಯ, ಎಲ್ಲವನ್ನೂ ಕೊಟ್ಟು.

ಮರುದಿನವೇ ಡೊಂಬಿವಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಹೇಡಿತನ ನನ್ನ ಜೊತೆಗೇ ಬೆಳೆದಿತ್ತು. ಅಪ್ಪ ಹಾಸಿಗೆ ಹಿಡಿದ ಮೇಲೆ, ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದ ಮೇಲೆ ಹೋದೆ. ಒಂದು ಮಧ್ಯಾಹ್ನ ಅಮ್ಮ ಔಷಧಿಗೆಂದು ಹೊರಗೆ ಹೋಗಿದ್ದಳು. ಅಪ್ಪನ ಕೈ ಹಿಡಿದುಕೊಂಡೆ. ಇದ್ದಿಲು ತುಂಬಿದ, ತಂತಿ ಸುತ್ತಿದ ಕೈ ಅದು. ಈಗ ಹಗುರವಾಗಿ ನನ್ನ ಅಂಗೈಯಲ್ಲಿ ಇತ್ತು.

"ಅಪ್ಪ, ಆ ವರ್ಷ ಮೇ ತಿಂಗಳಲ್ಲಿ... ಅತ್ತೆ ಕೇಳಿದ್ಲು ನನ್ನ ಹತ್ರ. ನಾನು ಗುಂಡಿಗೆ ನೀರು..."

"ಹಾಕಿದ್ದಿ ಮಗಾ," ಎಂದ ಅಪ್ಪ.

"ಇಲ್ಲ ಅಪ್ಪ, ಕೇಳು, ನಾನು..."

"ಹಾಕಿದ್ದಿ." ಕಣ್ಣು ತೆರೆಯಲಿಲ್ಲ. ನನ್ನ ಬೆರಳನ್ನು ಒಮ್ಮೆ ಒತ್ತಿದ. "ನನಗೆ ಗೊತ್ತುಂಟಲ್ಲ. ಮೂರು ಕೊಡಪಾನ."

ಎಂಟು ದಿನಕ್ಕೆ ಅಪ್ಪ ಹೋದ.

ಈಗ ಅಮ್ಮ ನಮ್ಮ ಜೊತೆ ಐರೋಲಿಯಲ್ಲಿದ್ದಾಳೆ. ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕಲ್ಲು ತೊಳೆದ ದೋಸೆ ಎಂದರೆ ನನ್ನ ಮಗ ಹಿಂದಿಯಲ್ಲಿ "ಕಲ್ಲಿನ ದೋಸೆಯಾ?" ಎಂದು ನಗುತ್ತಾನೆ. ನಲ್ಲಿಯಲ್ಲಿ ಇಡೀ ದಿನ ನೀರು. ಬೋರ್ಡಿನಲ್ಲಿ ಟಪ್ಪೆಂದು ಬೀಳುವ ಸ್ವಿಚ್ಚು. ಪನ್ಹೆ ಮಾತ್ರ ನಾನು ಕುಡಿಯುವುದಿಲ್ಲ. ಏಲಕ್ಕಿಯ ವಾಸನೆ ಬಂದರೆ ಆಫೀಸಿನ ಕ್ಯಾಂಟೀನಿನಿಂದಲೂ ಎದ್ದು ಹೋಗುತ್ತೇನೆ. ಹಿಟ್ಟಿನ ಕೈ, ಭಜನೆಯ ದನಿ, ಕಿಸೆಯಲ್ಲಿ ಟೆಸ್ಟರ್ ಇಟ್ಟುಕೊಂಡು ತಲೆಯೆತ್ತಿ ನಡೆಯುವ ಒಬ್ಬ ಮನುಷ್ಯ, ಇಷ್ಟನ್ನು ನಾನು ಒಂದು ಲೋಟ ಪನ್ಹೆಗೆ ಕಳೆದುಕೊಂಡೆ.

ಹೋದ ಮೇ ತಿಂಗಳು, ಒಂದು ಶನಿವಾರ, ಒಬ್ಬಳೇ ಡೊಂಬಿವಲಿಗೆ ಹೋದೆ. ಚೀಲದಲ್ಲಿ ಎರಡು ದೊಡ್ಡ ಬಾಟಲಿ ನೀರು ಇಟ್ಟುಕೊಂಡಿದ್ದೆ. ನಮ್ಮ ಬಿಲ್ಡಿಂಗು ಕೆಡವಿ ಅಲ್ಲಿ ಇಪ್ಪತ್ತೆರಡು ಮಾಳಿಗೆಯ ಟವರ್ ಎದ್ದಿದೆ ಎಂದು ಗೊತ್ತಿತ್ತು. ಮರವಾದರೂ ಇರಬಹುದು ಎಂದುಕೊಂಡಿದ್ದೆ. ಹಿಂದಕ್ಕೆ ಹೋಗಿ ನೋಡಿದರೆ ಕಾರುಗಳ ಸಾಲು, ಗೋಡೆಯಿಂದ ಗೋಡೆಗೆ ಸಿಮೆಂಟಿನ ಕಲ್ಲು ಹಾಸಿದ್ದಾರೆ. ಎಲ್ಲಿ ಗುಂಡಿ, ಎಲ್ಲಿ ಮರ, ಅಂದಾಜು ಕೂಡ ಸಿಗಲಿಲ್ಲ. ಬಾಟಲಿ ಕೈಯಲ್ಲಿ ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದ ನನ್ನನ್ನು ನೋಡಿ ವಾಚ್‌ಮನ್ ಬಂದ.

"ಕಿಸ್ಸೆ ಮಿಲ್ನಾ ಹೈ ಮೇಡಂ?"

ಯಾರನ್ನು ಎಂದು ಹೇಳಲಿ? ಇಲ್ಲೊಂದು ಬಾದಾಮಿ ಮರ ಇತ್ತು ಎಂದೆ. ಇಲ್ಲಿ ಮೊದಲಿಂದಲೂ ಪಾರ್ಕಿಂಗೇ ಇರುವುದು ಎಂದ ಅವನು, ಸಮಾಧಾನದ ದನಿಯಲ್ಲಿ.

ಒಂದು ಬೆರಳು ತೂರುವಷ್ಟು ಮಣ್ಣೂ ಎಲ್ಲಿಯೂ ಕಾಣಲಿಲ್ಲ. ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ. ಮನೆಗೆ ಬಂದಾಗ ಅಮ್ಮ ಚೀಲ ಎತ್ತಿ ನೋಡಿ, "ಇದೆಂತ, ಇಷ್ಟು ಭಾರ? ನೀರು ಹಾಗೇ ಉಂಟಲ್ಲ" ಎಂದಳು.

"ಹೌದಮ್ಮ," ಎಂದೆ. "ಇವತ್ತೂ ನಾನು ಹಾಕಲಿಲ್ಲ."